ಎರಡನೆಯ ವರ್ಷದ ಗ್ಯಾರಂಟಿ

ನಮ್ಮ ಕಡೆ ‘ಗ್ಯಾರಂಟಿ’ ಎಂಬ ಮಾತನ್ನು ಹೆಚ್ಚಾಗಿ ಕೆಟ್ಟದ್ದಕ್ಕೇ ಬಳಸುತ್ತಾರೆ. ಹುಡುಗ ಫೇಲಾಗುವುದು ಗ್ಯಾರಂಟಿ, ಬಸ್ಸು ತಪ್ಪುವುದು ಗ್ಯಾರಂಟಿ, ಸಂಜೆ ಕರೆಂಟು ಹೋಗುವುದು ಗ್ಯಾರಂಟಿ. ಒಳ್ಳೆಯದು ಆಗುವಂತಿದ್ದರೆ ಮಾತ್ರ ‘ನೋಡೋಣ, ಆಗಬಹುದು’ ಎಂದು ಸುಮ್ಮನಾಗುತ್ತಾರೆ. ಆದ್ದರಿಂದ ನಮ್ಮವರು ಹೊಸ ಮೋಟಾರ್ ಸೈಕಲ್ ತಂದು ಅಂಗಳದಲ್ಲಿ ನಿಲ್ಲಿಸಿ, ಇದಕ್ಕೆ ಒಂದು ವರ್ಷ ಗ್ಯಾರಂಟಿ ಎಂದಾಗ, ನಮ್ಮ ಅತ್ತೆ ಗಾಬರಿಯಾಗಿ ‘ಏನಾಗೋದು ಗ್ಯಾರಂಟಿ?’ ಎಂದು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನಾನು ಹರಿಹರಕ್ಕೆ ಸೊಸೆಯಾಗಿ ಬಂದ ಹೊಸತು. ಎಂಬತ್ತರ ದಶಕದ ನಡುಭಾಗ. ಗುಡುಗುಡು ಎನ್ನುವ ಹಳೆಯ ಗಾಡಿಗಳ ನಡುವೆ ಜಪಾನಿನ ಬುದ್ಧಿಯ ಸಣ್ಣ, ಚುರುಕು ಗಾಡಿಗಳು ಆಗಷ್ಟೇ ಓಡಾಡತೊಡಗಿದ್ದವು. ನಮ್ಮದು ಕೆಂಪು ಬಣ್ಣದ್ದು. ಮಾವನವರದು ಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ. ನಮ್ಮವರು ಅಲ್ಲಿ ಬೆಳಗಿನಿಂದ ಕತ್ತಲಾಗುವವರೆಗೆ ಮೊಳೆ ತೂಗಿ ಮನೆಗೆ ಬಂದರೆ ನನ್ನ ಜೊತೆ ಆಡುತ್ತಿದ್ದ ಮಾತು ಎರಡೇ: ‘ಹಾಕು’, ‘ಸಾಕು’. ಎರಡೂ ಊಟಕ್ಕೆ ಸಂಬಂಧಿಸಿದವು.

ಆ ಗ್ಯಾರಂಟಿಗೆ ಒಂದು ಷರತ್ತಿತ್ತು. ತಿಂಗಳಿಗೊಮ್ಮೆ ಗಾಡಿಯನ್ನು ದಾವಣಗೆರೆಯ ಷೋರೂಮಿಗೆ ಒಯ್ದು ತೋರಿಸಬೇಕು, ತಪ್ಪಿಸಿದರೆ ಗ್ಯಾರಂಟಿ ರದ್ದು. ಕೆಲಸವಿಲ್ಲದೆ ಹೊಸ್ತಿಲು ದಾಟುವ ರೂಢಿಯೇ ಇಲ್ಲದ ಮನೆಗೆ ಇದೊಂದು ಕೆಲಸ ಒದಗಿತು. ಅಲ್ಲಿ ಎರಡು ಮೂರು ತಾಸು ಸುಮ್ಮನೆ ಕಾಯುವ ಬದಲು ಇವಳನ್ನೂ ಕರೆದುಕೊಂಡು ಹೋಗು, ರವಿಕೆ ಬಟ್ಟೆ ತರಲಿ ಎಂದು ಅತ್ತೆಯೇ ಮೊದಲ ಸಲ ಹೇಳಿದರು. ಮುಂದೆ ಪ್ರತಿ ತಿಂಗಳೂ ಒಂದಿಲ್ಲೊಂದು ಸಣ್ಣ ಸಾಮಾನು ಬೇಕಾಗುತ್ತಲೇ ಹೋಯಿತು.

ಗಾಡಿ ಷೋರೂಮಿನಲ್ಲಿ, ನಾವು ಬೀದಿಯಲ್ಲಿ. ಕೆ.ಬಿ. ಬಡಾವಣೆಯ ನೆರಳಿನ ರಸ್ತೆಗಳಲ್ಲಿ ಮಂಡಕ್ಕಿ ಪೊಟ್ಟಣ ಹಿಡಿದು ಸುತ್ತುತ್ತಿದ್ದೆವು. ಅಲ್ಲಿ ಇವರಿಗೆ ಬಾಯಿ ಬರುತ್ತಿತ್ತು. ಓದುವಾಗ ನಾಟಕದಲ್ಲಿ ಹೆಣ್ಣುವೇಷ ಹಾಕಿ ಸೀರೆ ತೊಡರಿ ಬಿದ್ದದ್ದು, ಹೊಳೆದಂಡೆಯ ಊರಿನಲ್ಲಿ ಹುಟ್ಟಿಯೂ ಈಜು ಬಾರದೆ ಗೆಳೆಯರಿಂದ ತಪ್ಪಿಸಿಕೊಂಡು ತಿರುಗಿದ್ದು, ಎಲ್ಲವನ್ನೂ ಹೇಳುತ್ತಿದ್ದರು. ಮರಳುವ ದಾರಿಯಲ್ಲೂ ಗಾಳಿಗೆ ಎದುರಾಗಿ ಕೂಗಿ ಏನೇನೋ ಹೇಳುವರು. ಅರ್ಧ ಕೇಳುತ್ತಿರಲಿಲ್ಲ. ಕೇಳದ್ದಕ್ಕೂ ನಾನು ಹೂಂ ಎನ್ನುತ್ತಿದ್ದೆ. ಹರಿಹರ ಹತ್ತಿರವಾದಂತೆ ಮಾತು ತೆಳುವಾಗಿ, ಮನೆ ಬಾಗಿಲಿಗೆ ಬಂದಾಗ ಗಾಡಿಯ ಜೊತೆ ಇವರೂ ಆಫ್ ಆಗುತ್ತಿದ್ದರು. ಅಲ್ಲಿಂದ ಮುಂದಿನ ತಿಂಗಳಿಗೆ ನಾನು ಕಾಯಬೇಕು.

ವರ್ಷ ತುಂಬುತ್ತ ಬಂದಾಗ ಷೋರೂಮಿನ ಮ್ಯಾನೇಜರ್ ಖಾದರ್ ಸಾಹೇಬರು ಒಂದು ವಿಷಯ ಎತ್ತಿದರು. ಬೇರೆ ಹಣ ಕಟ್ಟಿದರೆ ಇನ್ನೊಂದು ವರ್ಷ ಗ್ಯಾರಂಟಿ ಸಿಗುತ್ತದೆ, ಷರತ್ತು ಮೊದಲಿನದೇ. ಅವರು ಸುಳ್ಳು ಹೇಳುವ ವ್ಯಾಪಾರಿಯಲ್ಲ. “ಗಾಡಿ ಗಟ್ಟಿ ಐತ್ರಿ, ಏನೂ ಆಗಂಗಿಲ್ಲ. ಆದ್ರೂ ತಗೊಳ್ರಿ, ದಿಲ್‌ಗೆ ತಸಲ್ಲಿ,” ಎಂದರು. ಮನಸ್ಸಿಗೆ ಸಮಾಧಾನ ಎಂಬ ಮಾತು ನನಗೆ ಮ್ಯಾನೇಜರಿಗಿಂತ ಹೆಚ್ಚು ಅರ್ಥವಾಯಿತು.

ಮನೆಯಲ್ಲಿ ಚರ್ಚೆ ನಡೆಯಿತು. ಮಾವನವರದು ಕಬ್ಬಿಣದ ಅಂಗಡಿಯ ತರ್ಕ: ಕೆಡುವ ಮಾಲಿಗೆ ಗ್ಯಾರಂಟಿ ಬೇಕು, ಗಟ್ಟಿ ಮಾಲಿಗೆ ಯಾಕೆ? ವರ್ಷವಿಡೀ ಒಂದು ಸ್ಕ್ರೂ ಸಡಿಲಾಗಿಲ್ಲ, ಇನ್ನು ಮೇಲೆ ಹರಿಹರದಲ್ಲೇ ಎಣ್ಣೆ ಬದಲಿಸಿದರಾಯಿತು. ನಮ್ಮವರು ಒಪ್ಪಿ ತಲೆಯಾಡಿಸಿದರು. ಅವರು ಎಷ್ಟು ಸಲೀಸಾಗಿ ತಲೆಯಾಡಿಸಿದರೆಂದರೆ ಬಾಗಿಲ ಹಿಂದೆ ನಿಂತಿದ್ದ ನಾನು ಮುಂದೆ ಬಂದೆ. ಅಲ್ಲಿಯವರೆಗೆ ಮಾವನವರೆದುರು ಬಾಯಿ ಬಿಡದಿದ್ದವಳು ಅಂದು ಬಿಟ್ಟೆ. ಹಿಂದೆ ಕೂತಾಗ ಗಾಡಿಯಿಂದ ಒಂದು ಸಣ್ಣ ಶಬ್ದ ಬರುತ್ತದೆ ಎಂದೆ.

ಯಾವ ಶಬ್ದವೂ ಬರುತ್ತಿರಲಿಲ್ಲ. ನಮ್ಮವರು ಹಾಗೆಂದು ಪ್ರಾಮಾಣಿಕವಾಗಿ ಹೇಳಿದರು ಕೂಡ. ಆದರೆ ಹಿಂದಿನ ಸೀಟಿನ ಸಂಗತಿ ಮುಂದಿನ ಸೀಟಿಗೆ ಹೇಗೆ ತಿಳಿಯಬೇಕು? ಮಾವನವರು ತೂಕ ಮಾಡದೆ ಯಾವುದನ್ನೂ ಒಪ್ಪುವವರಲ್ಲ. ತಾವೇ ಕೂತು ಕೇಳುತ್ತೇನೆಂದು ಪಂಚೆ ಎತ್ತಿ ಕಟ್ಟಿ, ತಲೆಗೆ ಟವೆಲ್ ಸುತ್ತಿ ಹೊರಟರು.

ಕೊಂಡಜ್ಜಿ ಕೆರೆಯವರೆಗೂ ಹೋಗಿ ಬಂದರು. ಟವೆಲ್ ಕೊರಳಿಗೆ ಇಳಿದಿತ್ತು. ಗಾಳಿಗೆ ಕಣ್ಣಲ್ಲಿ ನೀರು ಬಂದು ಮುಖ ಎಳೆಯದಾಗಿ ಕಾಣುತ್ತಿತ್ತು. ಇಳಿದವರು ಸ್ವಲ್ಪ ಹೊತ್ತು ಗಾಡಿಯ ಸೀಟಿನ ಮೇಲೆ ಕೈಯಿಟ್ಟು ನಿಂತು, “ಐತೆ. ಸಣ್ಣಗೆ ಐತೆ. ನಾಳೆ ಇನ್ನೊಂದ್ಸಲ ನೋಡಬೇಕು,” ಎಂದರು. ಮರುದಿನ ನಂದಿಗುಡಿಯ ಮಠದವರೆಗೆ ಹೋಗಿ ನೋಡಿದರು. ಅದರ ಮರುದಿನವೂ ನೋಡಿದರು. ಇಲ್ಲದ ಶಬ್ದವನ್ನು ನಾನು ಹುಟ್ಟಿಸಿದೆ, ಸಾಕಿದವರು ಅವರು.

ಕೊನೆಗೆ ನಮ್ಮವರು ಬೇಸತ್ತು, ಒಬ್ಬರೇ ದಾವಣಗೆರೆಗೆ ಹೋಗಿ ಖಾದರ್ ಸಾಹೇಬರನ್ನೇ ಹಿಂದೆ ಕೂರಿಸಿಕೊಂಡು ಓಡಿಸಿದರು. ಶಬ್ದವಿಲ್ಲ ಎಂದು ಅವರು ಖಚಿತವಾಗಿ ಹೇಳಿದ ಮೇಲೆ ಗ್ಯಾರಂಟಿ ಬೇಡವೆಂದು ತಿಳಿಸಿ, ಗೆದ್ದವರಂತೆ ಮನೆಗೆ ಬಂದರು. ಮಾವನವರಿಗೆ ಇದರಿಂದ ನಷ್ಟವೇನೂ ಆಗಲಿಲ್ಲ. ಮಠಕ್ಕೆ ಬಿಟ್ಟು ಬಾ ಎಂದರೆ ಮಗ ಇಲ್ಲ ಎನ್ನುವಂತಿರಲಿಲ್ಲ. ನಾನು ಎಲ್ಲಿಗೆ ಬಿಡು ಎನ್ನಲಿ?

ಷೋರೂಮಿಗೆ ಹೋಗಬೇಕಿದ್ದ ದಿನ ಬಂತು, ಹೋಯಿತು. ನಾನು ಅಂದು ಸುಮ್ಮನೆ ಹೊಸ ರವಿಕೆ ತೊಟ್ಟಿದ್ದೆ. ಹಿತ್ತಿಲಲ್ಲಿ ಇವರು ಗಾಡಿ ಒರೆಸುತ್ತಿದ್ದರು. ತಲೆಯೆತ್ತದೆ ಕೇಳಿದರು, ನಿಜವಾಗಿಯೂ ಶಬ್ದ ಕೇಳಿಸಿತ್ತೇ ಎಂದು. ಇಲ್ಲ ಎಂದೆ.

“ಮತ್ಯಾಕ ಅಷ್ಟು ಹಟ ಮಾಡಿದಿ?”

“ಗ್ಯಾರಂಟಿ ಇದ್ರೆ ತಿಂಗಳಿಗೊಂದು ದಿನ ನೀವು ಸಿಗ್ತಿದ್ರಿ.”

ಕೈ ನಿಂತಿತು. “ಅದಕ್ಕ ಗ್ಯಾರಂಟಿ ಯಾಕ ಬೇಕು? ಬಾ ಅಂದ್ರೆ ನೀನು ಬರಂಗಿಲ್ಲೇನು?”

“ನೀವು ಬಾ ಅಂದಿದ್ದು ಯಾವಾಗ?”

ಆಗಲೇ ಒರೆಸಿದ್ದ ಜಾಗವನ್ನೇ ಮತ್ತೆ ಮತ್ತೆ ಒರೆಸಿದರು.

ಮುಂದಿನ ಸಲ ಅಂಗಡಿಗೆ ರಜೆಯಿದ್ದ ದಿನ, ಮಾವನವರು ಪೇಪರ್ ಓದುತ್ತಿದ್ದಾಗ, ಅತ್ತೆ ಕಾಳು ಆರಿಸುತ್ತಿದ್ದಾಗ, ನಮ್ಮವರು ಅಡುಗೆಮನೆಯ ಬಾಗಿಲಿಗೆ ಬಂದು ಸ್ವಲ್ಪ ಜೋರಾಗಿಯೇ, “ಬಾ, ಹೊರಗೆ ಹೋಗಿ ಬರೋಣ,” ಎಂದರು. ಕಿವಿ ಕೆಂಪಾಗಿದ್ದವು. ಮಾವನವರು ಪೇಪರ್ ಇಳಿಸಿ ಏನು ಕೆಲಸ ಎಂದು ಕೇಳಿದರು. ಏನೂ ಇಲ್ಲ ಎಂದರು ಇವರು. ಆ ಮನೆಯ ಗೋಡೆಗಳು ಅಂಥ ಉತ್ತರವನ್ನು ಅದೇ ಮೊದಲು ಕೇಳಿದ್ದಿರಬೇಕು.

ಇಷ್ಟು ದಿನ ಹಂಬಲಿಸಿದ ಮಾತು ಕಿವಿಗೆ ಬಿದ್ದಾಗ ನಾನು ಏನು ಮಾಡಬೇಕಿತ್ತು? ಹೆದರಿದೆ. ಹಿಟ್ಟು ನಾದುತ್ತಿದ್ದ ಕೈಯನ್ನು ನೋಡಿಕೊಂಡು, ಇವತ್ತು ಬೇಡ, ರೊಟ್ಟಿ ಬಡಿಯಬೇಕು ಎಂದುಬಿಟ್ಟೆ. ಅತ್ತೆ ಕಾಳಿನ ಮೊರ ಬದಿಗಿಟ್ಟು ಎದ್ದು ಬಂದರು. ನನ್ನ ಮುಂದಿನ ಹಿಟ್ಟಿನ ಪರಾತವನ್ನು ತಮ್ಮ ಕಡೆ ಎಳೆದುಕೊಂಡರು.

“ರೊಟ್ಟಿ ನಾನು ಬಡೀತೀನಿ. ಸೀರೆ ಬದಲಿಸ್ಕೊಂಡು ಹೋಗು,” ಎಂದರು. ನನ್ನ ಮುಖ ನೋಡಲಿಲ್ಲ, ಮಗನ ಮುಖವನ್ನೂ ನೋಡಲಿಲ್ಲ. ಅಂಗೈಯಲ್ಲಿ ಹಿಟ್ಟಿನ ಉಂಡೆ ತಿರುವುತ್ತ ಆ ಹೆಂಗಸು ಒಂದು ಗಳಿಗೆ ಕಿಟಕಿಯಾಚೆ ಏನನ್ನೋ ನೋಡಿದರು. ಅವರು ಆ ಗಾಡಿಯ ಮೇಲೆ ಒಮ್ಮೆಯೂ ಕೂತಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ದಾವಣಗೆರೆಯಲ್ಲಿ ನಮಗೆ ಕೆಲಸವಿರಲಿಲ್ಲ. ಹಾಗಾಗಿ ಇವರು ಕೊಂಡಜ್ಜಿ ಕೆರೆಯ ಕಡೆಗೆ ತಿರುಗಿಸಿದರು. ಏರಿಯ ಮೇಲೆ ಕೂತೆವು. ತಮಾಷೆಯೆಂದರೆ ಇಬ್ಬರಿಗೂ ಮಾತೇ ಹೊರಡಲಿಲ್ಲ. ನೀರಿನ ಮೇಲೆ ಗಾಳಿ ಗೆರೆ ಎಳೆಯುತ್ತಿತ್ತು. ಪಕ್ಕದಲ್ಲೇ ಕೂತ ಮನುಷ್ಯನಿಗಾಗಿ, ಇನ್ನೂ ಮುಗಿಯದ ಆ ಮಧ್ಯಾಹ್ನಕ್ಕಾಗಿ ನಾನು ಅಲ್ಲಿಯೇ ಹಂಬಲಿಸತೊಡಗಿದ್ದೆ. ಬೇಕಾದ್ದು ಸಿಕ್ಕರೆ ಹಂಬಲ ತೀರುತ್ತದೆಂದು ತಿಳಿದಿದ್ದ ನನ್ನ ಲೆಕ್ಕ ತಪ್ಪಿತ್ತು.

ಬಿಸಿಲು ಇಳಿದಾಗ ಇವರು ಜೇಬಿನಿಂದ ಕೀಲಿ ತೆಗೆದು ಹೋಗೋಣವೇ ಎಂದು ಕೇಳಿದರು. ನಾನು ಸೆರಗು ಹೊದ್ದು ಕೂತೇ ಇದ್ದೆ. ಇವರು ನನ್ನ ಕಡೆ ಒಮ್ಮೆ ನೋಡಿ, ಕೀಲಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು.