ಬರೀ ಆವಿ ಅಂದಿದ್ದೆ

ಆ ವೇಪ್ ಕೊಂಡು ತಂದವಳು ನಾನು. ಇವರಲ್ಲ.

ಶಕುಂತಲಾ ಅವರೇ, ಇಷ್ಟನ್ನು ನಿಮಗೆ ಹೇಳಲು ನನಗೆ ಮೂರು ವರ್ಷ ಹಿಡಿಯಿತು. ಶ್ವಾಸಕೋಶ ಹಾಳಾಗಿದೆ ಎಂದು ಗೊತ್ತಿದ್ದೂ, ಸಿಗರೇಟು ಬಿಟ್ಟು ಚೇತರಿಸಿಕೊಂಡ ಮೇಲೂ, ಕದ್ದು ವೇಪ್ ಎಂಬ ಆ ಬ್ಯಾಟರಿ ಸಿಗರೇಟು ಎಳೆದ ಮನುಷ್ಯ ಎಂದು ಹ್ಯೂಸ್ಟನ್ನಿನ ನಮ್ಮ ಕನ್ನಡದವರೆಲ್ಲ ನನ್ನ ಯಜಮಾನರನ್ನು ಆಡಿಕೊಂಡರು. ಡಲ್ಲಾಸಿನಲ್ಲಿ ಮಗನ ಮನೆಯಲ್ಲಿರುವ ನಿಮ್ಮ ಕಿವಿಗೂ ಅದೇ ಬಿದ್ದಿರುತ್ತದೆ. ತಂದದ್ದು ನಾನು. ತಿಳಿದೂ ತಿಳಿದೂ ತಂದೆ. ಕಾರಣ ನೀವು — ಅಲ್ಲ, ನೀವಲ್ಲ. ನಿಮ್ಮನ್ನು ಕಂಡರೆ ನನಗಾಗುತ್ತಿದ್ದ ಹೊಟ್ಟೆಯುರಿ.

ನಮ್ಮ ಗರಾಜನ್ನು ನೀವು ಒಳಗಿನಿಂದ ನೋಡಿಲ್ಲ. ಇಲ್ಲಿಯ ನಮ್ಮವರ ಎಷ್ಟೋ ಮನೆಗಳಲ್ಲಿರುವಂತೆ ಅಲ್ಲೊಂದು ಎರಡನೇ ಒಲೆ. ಒಗ್ಗರಣೆ ಹಾಕುವುದು, ಕರಿಯುವುದು ಎಲ್ಲ ಅಲ್ಲೇ, ಒಳಗಿನ ಸೋಫಾ ಕಾರ್ಪೆಟ್ಟಿಗೆ ವಾಸನೆ ಹತ್ತಬಾರದೆಂದು. ಇವರ ಸಿಗರೇಟಿಗೂ ಮನೆಯೊಳಗೆ ಜಾಗವಿರಲಿಲ್ಲ. ದೇವರ ಮನೆಯ ನೆಪ ಹೇಳಿ ನಾನೇ ಆಚೆ ಅಟ್ಟಿದ್ದೆ. ಹೀಗಾಗಿ ಸಂಜೆ ಇವರು ವುಡ್‌ಲ್ಯಾಂಡ್ಸ್‌ನ ಆಫೀಸಿನಿಂದ ಬಂದರೆಂದರೆ, ಗರಾಜಿನ ಬಾಗಿಲು ಅರ್ಧ ಎತ್ತಿ, ಮಡಚುವ ಕುರ್ಚಿ ಹಾಕಿಕೊಂಡು ಅವರು ಸೇದುವುದು, ನಾನು ಕರಿಯುವುದು. ನಮ್ಮ ಸಂಸಾರ ನಡೆದದ್ದೇ ಅಲ್ಲಿ. ಮನೆಯೊಳಗೆ ಇವರು ಬಾಯಿಗೆ ಬೀಗ ಹಾಕಿಕೊಂಡ ಮನುಷ್ಯ. ಗರಾಜಿನಲ್ಲಿ ಮಾತ್ರ ಮಾತೋ ಮಾತು. ಮಗಳು ಪಲ್ಲವಿಯ ಓದು, ಅವಳ ಮದುವೆ, ನಮ್ಮತ್ತೆಯ ಕೊನೆಗಾಲ, ಆಫೀಸಿನ ಜಗಳ — ಎಲ್ಲ ಆ ಹೊಗೆಯಲ್ಲೇ. ಆ ಹೊಗೆಗೆ ದಿನಾ ಶಾಪ ಹಾಕುತ್ತಿದ್ದೆ, ಸಂಜೆಯಾದರೆ ಅದಕ್ಕೇ ಕಾಯುತ್ತಿದ್ದೆ.

ಆಮೇಲೆ ಡಾಕ್ಟರು ಸಿಒಪಿಡಿ, ಉಸಿರಿನ ದಾರಿ ಕಟ್ಟುವ ರೋಗ, ಎಂದರು. ವಾಸಿಯಾಗುವ ಕಾಯಿಲೆಯಲ್ಲ, ಉಳಿದಿರುವ ಉಸಿರನ್ನು ಜೋಪಾನ ಮಾಡಿಕೊಳ್ಳಬೇಕು ಎಂದರು. ಇವರು ಹೆದರಿ ಒಂದೇ ಏಟಿಗೆ ಸಿಗರೇಟು ಬಿಟ್ಟರು. ಕರಿಯುವ ಹೊಗೆಯೂ ಆಗದು ಎಂದಿದ್ದಕ್ಕೆ ಗರಾಜಿಗೆ ಬರುವುದನ್ನೂ ಬಿಟ್ಟರು. ಮಾತೂ ಅಲ್ಲಿಗೇ ನಿಂತಿತು. ಸಿಗರೇಟು ಬಿಟ್ಟರಲ್ಲ ಎಂದು ನಾನು ದೇವರಿಗೆ ತುಪ್ಪದ ದೀಪ ಹಚ್ಚಿದ್ದೂ ನಿಜ. ಒಬ್ಬಳೇ ಒಲೆಯ ಮುಂದೆ ನಿಂತಾಗ ಮಾತ್ರ... ಹೋಗಲಿ.

ನಿಮ್ಮನ್ನು ಇವರಿಗೆ ಪರಿಚಯ ಮಾಡಿಸಿದವಳೂ ನಾನೇ ತಾನೆ? ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ಮಾತಾಡುತ್ತಾ, ಡಾಕ್ಟರು ಹೇಳಿ ಇವರು ಆಸ್ಪತ್ರೆಯಲ್ಲಿ ಸೇರಿದ್ದ ಉಸಿರಾಟದ ತರಗತಿಗೇ ನೀವೂ ಸೇರುವವರಿದ್ದೀರಿ ಎಂದು ಗೊತ್ತಾಯಿತು. ಚಿಕ್ಕಂದಿನ ಕ್ಷಯ ನಿಮ್ಮ ಶ್ವಾಸಕೋಶವನ್ನು ಹಾಳುಮಾಡಿತ್ತು. ಗಂಡ ತೀರಿಕೊಂಡಿದ್ದರು, ಡ್ರೈವ್ ಮಾಡಲು ಬರುತ್ತಿರಲಿಲ್ಲ. "ರೈಡ್ ನಾನು ಕೊಡ್ತೀನಿ ಬಿಡಿ, ಹೇಗೂ ಇವರನ್ನ ಕರ್ಕೊಂಡು ಹೋಗ್ತೀನಲ್ಲ" ಎಂದೆ. ದೊಡ್ಡ ಮನಸ್ಸಿನವಳು ನಾನು! ಮೊದಲ ದಿನವೇ ಇವರು ಮುಂದಿನ ಸೀಟಿನಲ್ಲಿ ಕೂತು ಹಿಂದಕ್ಕೆ ಕತ್ತು ತಿರುಗಿಸಿದವರು, ಆಸ್ಪತ್ರೆ ಬರುವವರೆಗೂ ಮುಂದೆ ತಿರುಗಲಿಲ್ಲ.

ತರಗತಿಯಲ್ಲಿ ಉಸಿರು ಬಿಡುವುದನ್ನು ಹೇಳಿಕೊಟ್ಟರಂತೆ — ಮೂಗಿನಿಂದ ಎಳೆದುಕೊಳ್ಳಿ, ತುಟಿ ಚೂಪು ಮಾಡಿ ಮೇಣದಬತ್ತಿ ಆರಿಸುವಂತೆ ನಿಧಾನವಾಗಿ ಊದಿ ಎಂದು. ದೀಪವನ್ನು ಬಾಯಿಂದ ಊದಿ ಆರಿಸುವುದೆಂದರೆ ನಮ್ಮ ಮನೆಗಳಲ್ಲಿ ಅಪಶಕುನ. ಇವರಿಗೆ ಬಾಯಿ ಮುಂದೆ ಬರಲೊಲ್ಲದು. ಆಗ ಪಕ್ಕದಲ್ಲಿದ್ದ ನೀವು ಅಂದಿರಂತೆ, "ದೀಪಾ ಯಾಕ ಆರಸ್ತೀರಿ ಮೂರ್ತಿಯವರ, ಬಿಸಿ ಚಾ ಆರಸ್ರಿ." ಕಾರಿನಲ್ಲಿ ಇದನ್ನು ಹೇಳಿಕೊಂಡು ಇಬ್ಬರೂ ನಕ್ಕಿದ್ದೇ ನಕ್ಕಿದ್ದು, ನಕ್ಕು ಉಸಿರು ಕಟ್ಟಿ, ಇಬ್ಬರೂ ಕೂಡಿ ಚಾ ಆರಿಸಿದ್ದು. ನಾನು ಸಿಗ್ನಲ್ ನೋಡುತ್ತಾ ಕೂತೆ. ಮೈಸೂರಿನ ಮನೆ ನಮ್ಮದು, ಕಾಫಿ ಬಿಟ್ಟರೆ ಬೇರೆ ಕುಡಿದವರಲ್ಲ. ಈ ಚಾ ಎಲ್ಲಿಂದ ಬಂತು?

ತರಗತಿ ಮುಗಿದ ಮೇಲೂ ನಡಿಗೆ ನಿಲ್ಲಬಾರದೆಂದು, ಹೊರಗಿನ ಸೆಕೆಯಲ್ಲಿ ಆಗದೆಂದು, ನಿಮ್ಮಿಬ್ಬರನ್ನೂ ಬೆಳಗ್ಗೆ ತಂಪಾದ ಶಾಪಿಂಗ್ ಮಾಲಿಗೆ ಕರೆದುಕೊಂಡು ಹೋಗತೊಡಗಿದೆ. ನಾನೂ ಜೊತೆಗೆ ನಡೆದು ನೋಡಿದೆ. ನನ್ನ ಕಾಲು ಮುಂದೆ ಓಡುತ್ತಿತ್ತು, ನಿಮ್ಮಿಬ್ಬರ ಹೆಜ್ಜೆ ಮಾತ್ರ ಒಂದೇ ಲಯಕ್ಕೆ ಕೂಡುತ್ತಿತ್ತು. ಆಮೇಲೆ ಬೆಂಚಿನ ಮೇಲೆ ಕೂತುಬಿಟ್ಟೆ. ಅಲ್ಲಿಂದ ನೋಡುತ್ತಿದ್ದೆ — ಸ್ವಲ್ಪ ದೂರ ಹೋಗುವುದು, ನಿಲ್ಲುವುದು, ಕಂಬಿಗೆ ಕೈ ಊರಿ ಮುಂದಕ್ಕೆ ಬಾಗಿ ಊದುವುದು, ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿ ಮತ್ತೆ ಹೊರಡುವುದು. ನನ್ನ ಉಸಿರಿಗೆ ಏನೂ ಆಗಿರಲಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನಂಬುತ್ತೀರಾ? ನನಗೂ ಆ ಕಾಯಿಲೆ ಇದ್ದಿದ್ದರೆ ಎಂದು ಒಮ್ಮೆ ಅಂದುಕೊಂಡೆ. ಸುಳ್ಳಲ್ಲ.

ಒಂದು ಸಂಜೆ ಇವರಿಗೆ ಮೆಟ್ಟಿಲ ಮೇಲೆ ಉಸಿರು ಸಿಕ್ಕಿಹಾಕಿಕೊಂಡಿತು. ಓಡಿ ಹೋಗಿ ಬೆನ್ನು ಉಜ್ಜಿದೆ. ಮದುವೆಯಾದಾಗಿನಿಂದ ಕೆಮ್ಮು ಬಂದರೆ ನಾನು ಮಾಡುತ್ತಿದ್ದದ್ದು ಅದನ್ನೇ. ಇವರು ನನ್ನ ಕೈ ಸರಿಸಿದರು. "ಬಿಡು ಜಯಾ, ಶಕುಂತಲಾ ಅವರು ಹೇಳಿದಾರೆ... ಉಜ್ಜಿದ್ರೆ ಪ್ರಯೋಜನ ಇಲ್ಲ." ಗೋಡೆಗೆ ಕೈ ಊರಿ, ಕಣ್ಣು ಮುಚ್ಚಿ, ತಮ್ಮಷ್ಟಕ್ಕೇ ಗುನುಗಿದರು — "ಚಾ ಆರಸ್ರಿ... ಚಾ ಆರಸ್ರಿ..." ನಿಮ್ಮ ಮಾತಿನಲ್ಲಿ, ನಿಮ್ಮ ರಾಗದಲ್ಲಿ. ಉಸಿರು ಮರಳಿ ಬಂತು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಗಂಡ ಉಳಿದುಕೊಂಡನಲ್ಲ ಎಂದು ಅಳಲಿಲ್ಲ.

ಆ ವಾರವೇ ಹಿಲ್‌ಕ್ರಾಫ್ಟ್ ರಸ್ತೆಗೆ ಕರಿಬೇವು, ರವೆ ತರಲು ಹೋದವಳು ಅಲ್ಲಿ ಕಾರು ನಿಲ್ಲಿಸಿದ ಸಾಲಿನಲ್ಲೇ ಇದ್ದ ವೇಪ್ ಅಂಗಡಿಗೆ ನುಗ್ಗಿದೆ. ಬೊಟ್ಟಿಟ್ಟುಕೊಂಡ ಆಂಟಿಯನ್ನು ನೋಡಿ ಅಂಗಡಿಯ ಹುಡುಗಿ ನಗು ತಡೆದುಕೊಂಡಳು. ಯಾವ ರುಚಿ ಎಂದಳು, ಪುದೀನ ಎಂದೆ. ನಿಕೋಟಿನ್ ಇರುವುದೋ ಇಲ್ಲದ್ದೋ ಎಂದಳು.

ಇರುವುದು ಎಂದೆ.

ಇಲ್ಲದ್ದು ಎಂದಿದ್ದರೆ, ಏನೂ ತಿಳಿಯದ ಹೆಂಗಸು ನಾನು ಎಂದು ಈಗ ಹೇಳಿಕೊಳ್ಳಬಹುದಿತ್ತು. ನಿಕೋಟಿನ್ ಇಲ್ಲದಿದ್ದರೆ ಇವರು ಎರಡು ದಿನ ಎಳೆದು ಎಸೆಯುತ್ತಾರೆ ಎಂಬ ಲೆಕ್ಕ ನನ್ನ ತಲೆಯಲ್ಲಿ ಸ್ಪಷ್ಟವಾಗಿತ್ತು. ಇವರು ದಿನಾ ಗರಾಜಿಗೆ ಬರಬೇಕಿತ್ತು. ದಿನಾ ಬರುವಂಥದ್ದೇ ಬೇಕಿತ್ತು.

ಸಂಜೆ ಒಲೆಯ ಪಕ್ಕ ಕುರ್ಚಿ ಹಾಕಿ ಕರೆದೆ. ಕೈಯಲ್ಲಿ ಅದನ್ನು ಇಟ್ಟೆ. "ಸಂಘದ ಡಾಕ್ಟರ್ ಒಬ್ರು ಹೇಳಿದ್ರು, ಇದರಲ್ಲಿ ಏನೂ ಇಲ್ವಂತೆ. ಬರೀ ಆವಿ. ನೆಗಡಿ ಆದಾಗ ಆವಿ ತಗೊಳ್ಳಲ್ವಾ, ಹಾಗೇ" ಎಂದೆ. ಯಾವ ಡಾಕ್ಟರೂ ಹೇಳಿರಲಿಲ್ಲ. ಇವರು ನನ್ನ ಮುಖವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಕೂತರು.

ಆ ಚಳಿಗಾಲ ನಾನೆಷ್ಟು ಸುಖವಾಗಿದ್ದೆ! ಬೋಂಡ, ಚಕ್ಕುಲಿ, ಏನು ಬೇಕಾದರೂ ಕರಿದೆ. ಇವರು ಪುದೀನದ ಆವಿ ಬಿಡುತ್ತಾ ಹಳೆಯ ಮಾತೆಲ್ಲ ಆಡಿದರು. ನಡುವೆ ಕೆಮ್ಮು ಹೆಚ್ಚಿತು, ಚಳಿ ಎಂದುಕೊಂಡೆವು. ಮಾಲಿನ ನಡಿಗೆ ತಪ್ಪಿಸಲು ಇವರೇ ಶುರುಮಾಡಿದರು, ಶಕುಂತಲಾ ಅವರಿಗೆ ವಾಸನೆ ಗೊತ್ತಾಗುತ್ತದೆ, ಹೇಗೆ ಮುಖ ತೋರಿಸಲಿ ಎಂದು. ನನಗೆ ಅಷ್ಟೇ ಸಾಕಿತ್ತು. ಆದರೂ ನಾನು ಅಲ್ಲಿಗೆ ನಿಲ್ಲಲಿಲ್ಲ.

ನೀವು ಫೋನ್ ಮಾಡಿದಿರಿ. ಇವರು ಸ್ನಾನಕ್ಕೆ ಹೋಗಿದ್ದರು, ಇವರ ಫೋನ್ ನಾನು ಎತ್ತಿದೆ. ನಾನಾಡಿದ ಮಾತು ನಿಮಗೆ ನೆನಪಿದ್ದೇ ಇರುತ್ತದೆ. "ಅವರಿಗೆ ನಿಮ್ಮ ಜೊತೆ ನಡೆಯೋದು ಬೇಡ್ವಂತೆ. ನಿಮ್ಮ ಕೆಮ್ಮು ಕೇಳಿದ್ರೆ ಅವರಿಗೆ ಭಯ ಆಗುತ್ತಂತೆ."

ನಿಮ್ಮ ಉಸಿರು ಫೋನಿನಲ್ಲಿ ಕೇಳುತ್ತಿತ್ತು. "ಹೌದೇನ್ರಿ... ಆತು ಬಿಡ್ರಿ ಅಕ್ಕಾರ. ನನ್ನಿಂದ ಅವ್ರಿಗೆ ತ್ರಾಸ ಆಗೂದು ಬ್ಯಾಡ."

ಇವರು ಹಾಗೆ ಹೇಳಿಯೇ ಇರಲಿಲ್ಲ. ಒಂದಕ್ಷರವೂ ಹೇಳಿರಲಿಲ್ಲ. ನನ್ನ ಕಾರಿಲ್ಲದೆ ನಿಮ್ಮ ನಡಿಗೆಯೂ ನಿಲ್ಲುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೇಸಿಗೆ ಬರುವ ಹೊತ್ತಿಗೆ ನೀವು ಮನೆ ಖಾಲಿ ಮಾಡಿ ಡಲ್ಲಾಸಿಗೆ ಹೋದಿರಿ, ಆಮೇಲೆ ಇಡೀ ದಿನ ಆಮ್ಲಜನಕದ ನಳಿಗೆ ಬೇಕಾಯಿತು ಎಂದು ಯಾರೋ ಹೇಳಿದರು. ಕೇಳಿಸಿಕೊಂಡೆ, ಪಾಪ ಎಂದೆ.

ಅಷ್ಟರೊಳಗೆ ಇಲ್ಲಿ ಇವರ ಉಸಿರೂ ಕೆಟ್ಟಿತ್ತು. ಒಂದು ಬೆಳಗ್ಗೆ ಹಲ್ಲುಜ್ಜುತ್ತಾ ಕುಸಿದರು, ತುಟಿ ನೀಲಿ. ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಜಾಕೆಟ್ ಬಿಚ್ಚುವಾಗ ಜೇಬಿನಲ್ಲಿದ್ದ ವೇಪ್ ನರ್ಸಿನ ಕೈಗೆ ಸಿಕ್ಕಿತು. ಆಸ್ಟಿನ್‌ನಿಂದ ಪಲ್ಲವಿ — ಅಲ್ಲಿಯೇ ಹತ್ತಿರ, ಟೇಲರ್ ಎಂಬ ಊರಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಕೆಲಸ ಅವಳಿಗೆ — ಹಾಕಿದ ಬಟ್ಟೆಯಲ್ಲೇ ಡ್ರೈವ್ ಮಾಡಿಕೊಂಡು ಬಂದಿದ್ದಳು. ಇದು ಎಲ್ಲಿಂದ ಬಂತು ಎಂದು ಅವಳು ಕೇಳಿದಾಗ ನಾನು ಬಾಯಿ ತೆರೆದೆ, ಇನ್ನೇನು — ಅಷ್ಟರಲ್ಲಿ ಇವರು ಮಾಸ್ಕ್ ಸರಿಸಿ, "ನಾನೇ ತಂದ್ಕೊಂಡೆ" ಎಂದರು. ನಾನು ಬಾಯಿ ಮುಚ್ಚಿದೆ. "ಯು ಚೋಸ್ ದಿಸ್, ಅಪ್ಪಾ" ಎಂದಳು ಅವಳು.

ಅಂದಿನಿಂದ ಅವಳು ಫೋನ್ ಮಾಡಿದರೆ ನನಗೆ. ಸಂಕಟ ಹೇಳಿಕೊಂಡರೆ ನನ್ನ ಹತ್ತಿರ. ನಿನ್ನ ಪಾಡು ನೋಡಕ್ಕಾಗಲ್ಲ ಅಮ್ಮಾ ಎಂದು ಇಂಗ್ಲಿಷಿನಲ್ಲಿ ಮರುಗುತ್ತಿದ್ದಳು, ನಾನು ಆ ಮರುಕವನ್ನೂ ತೆಗೆದುಕೊಂಡೆ. ಇವರು ವೇಪ್ ಅನ್ನು ಆವತ್ತೇ ಬಿಟ್ಟರು. ಕಳೆದುಕೊಂಡ ಉಸಿರು ಮಾತ್ರ ವಾಪಸು ಬರಲಿಲ್ಲ. ಈಗ ಮೆಟ್ಟಿಲು ಹತ್ತುವುದಿಲ್ಲ. ಹಾಸಿಗೆ ಕೆಳಗಿನ ಕೋಣೆಗೆ ಬಂದಿದೆ.

ಹೋದ ತಿಂಗಳು ಪಲ್ಲವಿ ತನ್ನ ಹಸುಗೂಸನ್ನು ಮೊದಲ ಸಲ ಕರೆದುಕೊಂಡು ಬಂದಳು. ಇವರು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೈ ಚಾಚಿ ಕೂತಿದ್ದರು. ಅವಳು ಮಗುವನ್ನು ಕೊಡುವ ಮೊದಲು ಬಗ್ಗಿ ಇವರ ಅಂಗಿಯ ಕಾಲರನ್ನು ಮೂಸಿದಳು. ಒಂದು ಸಲ, ಇನ್ನೊಂದು ಸಲ. ಇವರು ಕತ್ತು ಸ್ವಲ್ಪ ಮೇಲೆತ್ತಿ, ಅವಳಿಗೆ ಅನುಕೂಲವಾಗಲೆಂದು, ಸುಮ್ಮನೆ ಮೂಸಿಸಿಕೊಂಡರು.

"ತಂದಿದ್ದು ನಾನು ಕಣೇ" ಎಂದೆ. "ಅಪ್ಪ ಅಲ್ಲ. ನಿಕೋಟಿನ್ ಇದೆ ಅಂತ ಗೊತ್ತಿದ್ದೇ ತಂದೆ."

ಅವಳು ನನ್ನನ್ನು ನೋಡಿದಳು. ಮಗುವನ್ನು ಇವರ ತೊಡೆಯ ಮೇಲೆ ಮಲಗಿಸಿ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಈಗ ಅವಳ ಫೋನ್ ಇವರಿಗೆ ಬರುತ್ತದೆ. ನನಗೆ ಬರುವುದಿಲ್ಲ. ಬರಬೇಕು ಎಂದು ಕೇಳುವ ಮುಖ ನನಗಿಲ್ಲ.

ಅವಳ ಕಾರು ಹೋದ ಮೇಲೆ ಇವರು ಅಂದರು, "ಯಾಕೆ ಹೇಳೋಕೆ ಹೋದೆ? ನಾನು ನಿಭಾಯಿಸ್ತಿದ್ನಲ್ಲ."

"ಯಾವ ಡಾಕ್ಟರೂ ಹೇಳಿರಲಿಲ್ಲ ರೀ, ಆವತ್ತು."

"ಗೊತ್ತಿತ್ತು. ಇಷ್ಟು ವರ್ಷ ಸೇದಿದವನಿಗೆ ಮೊದಲನೇ ಸಲ ಎಳೆದಾಗ್ಲೇ ಗೊತ್ತಾಗಲ್ವಾ ನಿಕೋಟಿನ್ನು?"

"ಮತ್ತೆ ಯಾಕೆ..."

"ನೀನು ಕುರ್ಚಿ ಹಾಕಿ ಕಾಯ್ತಿದ್ದೆ."

ಆಗ ನನಗೆ ಏನಾಯಿತೆಂದು ನಿಮಗೆ ಹೇಳಲೇಬೇಕು. ಮೊದಲು ಬಂದದ್ದು ದುಃಖವಲ್ಲ, ನಾಚಿಕೆಯೂ ಅಲ್ಲ. ಖುಷಿ. ನಿಮಗಿಂತ, ತಮ್ಮ ಉಸಿರಿಗಿಂತ ಇವರು ನನ್ನನ್ನು ಆರಿಸಿಕೊಂಡಿದ್ದರು ಎಂಬ ಖುಷಿ. ಒಂದು ಗಳಿಗೆ ಅಷ್ಟೇ, ಆದರೆ ಬಂತು. ಅಂಥವಳು ನಾನು.

ಆಮೇಲೆ ಫೋನಿನಲ್ಲಿ ನಿಮಗೆ ಹೇಳಿದ್ದನ್ನೂ ಹೇಳಿದೆ. ಅದು ಇವರಿಗೆ ಗೊತ್ತಿರಲಿಲ್ಲ. ನೀವಾಗಿಯೇ ದೂರವಾದಿರಿ, ವೇಪಿನ ವಿಷಯ ಕೇಳಿ ಅಸಹ್ಯಪಟ್ಟಿರಿ ಎಂದುಕೊಂಡಿದ್ದರಂತೆ. ಮುಖ ಗೋಡೆಯ ಕಡೆ ತಿರುಗಿಸಿದರು. ವೇಪಿಗೆ ನನ್ನನ್ನು ಕ್ಷಮಿಸಿದ ಮನುಷ್ಯ ಇದಕ್ಕೆ ಕ್ಷಮಿಸಿಲ್ಲ. ಕ್ಷಮಿಸಿ ಎಂದು ನಾನು ಕೇಳಿಲ್ಲ, ನಿಮ್ಮನ್ನೂ ಕೇಳುವುದಿಲ್ಲ.

ಇವತ್ತು ಬೆಳಗ್ಗೆ ನಿಮಗೆ ಎಲ್ಲ ತಿಳಿಸುತ್ತೇನೆ ಎಂದಾಗ ಬಹಳ ದಿನದ ಮೇಲೆ ನನ್ನ ಕಡೆ ತಿರುಗಿ ಒಂದು ಮಾತಾಡಿದರು: "ಅವರ ಉಸಿರು ಈಗ ಹೇಗಿದೆ, ಕೇಳು." ಕೇಳಿ ನನ್ನ ಎದೆಯಲ್ಲಿ ಹಳೆಯ ಉರಿ ಮತ್ತೆ ಎದ್ದಿತು. ಇಷ್ಟೆಲ್ಲ ಆದ ಮೇಲೂ, ಈ ವಯಸ್ಸಿನಲ್ಲೂ ಎದ್ದಿತು. ಅದನ್ನು ಮುಚ್ಚಿಟ್ಟರೆ ಇದೂ ಇನ್ನೊಂದು ಸುಳ್ಳಾಗುತ್ತದೆ.

ಶಕುಂತಲಾ ಅವರೇ, ನಿಮ್ಮ ಉಸಿರು ಈಗ ಹೇಗಿದೆ? ಇದು ಅವರ ಪ್ರಶ್ನೆ. ನನ್ನದಾಗಲು ನನಗೆ ಇನ್ನೂ ಸ್ವಲ್ಪ ಕಾಲ ಬೇಕು. ಆದರೂ ಕೇಳುತ್ತಿದ್ದೇನೆ. ನೀವು ಹೇಳಿದ್ದನ್ನು ಒಂದಕ್ಷರವೂ ಬಿಡದೆ ಅವರಿಗೆ ಮುಟ್ಟಿಸುತ್ತೇನೆ.