ಮಾದಮ್ಮನ ಸಂಜೆ ರೊಟ್ಟಿ

ದೇವನೂರಿನ ಮಾದಮ್ಮ ಯಾರಿಗೂ ಆರಿದ ಊಟ ಇಕ್ಕಿದವಳಲ್ಲ. ಮಧ್ಯಾಹ್ನದ ಸಾರೇ ಆಗಿರಲಿ, ಸಂಜೆ ಇನ್ನೊಮ್ಮೆ ಕುದಿಸಿ ಹೊಗೆಯಾಡುವಾಗಲೇ ತಟ್ಟೆಗೆ ಹಾಕುತ್ತಾಳೆ. ಅದು ಸುಮ್ಮನೆ ಬಂದ ಹಟವಲ್ಲ. ಅವಳು ಚಿಕ್ಕವಳಿದ್ದಾಗ ಅವಳವ್ವ ದೊಡ್ಡ ಮನೆಯವರ ಕೊಟ್ಟಿಗೆ ಗುಡಿಸಿ, ಹಿತ್ತಲ ಬಾಗಿಲಲ್ಲಿ ನಿಂತು ತಂಗಳು ತರುತ್ತಿದ್ದಳು. ಹಿಂದಿನ ರಾತ್ರಿಯ ಮುದ್ದೆ, ಹುಳಿ ಬಂದ ಸಾರು. ಅದನ್ನೇ ಉಂಡು ಬೆಳೆದ ಹುಡುಗಿ, ನನ್ನ ಕೈಯಿಂದ ಯಾರಿಗೂ ತಣ್ಣಗಿನದು ಬೀಳಬಾರದು ಅಂತ ಆಗಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಈಗ ತಾಂಡವಪುರದ ಕಾರ್ಖಾನೆಯೊಂದರ ಗೆಸ್ಟ್‌ಹೌಸಿನಲ್ಲಿ ಅವಳದೇ ಅಡುಗೆ. ಹೊಸ ಮಿಷನ್ನು ಜೋಡಿಸೋಕೆ ಜರ್ಮನಿಯಿಂದ ಹೈಕೆ ಅನ್ನೋ ಇಂಜಿನಿಯರಮ್ಮ ಬಂದಿಳಿದಳು. ಮಧ್ಯಾಹ್ನ ಚೆನ್ನಾಗೇ ಉಣ್ಣುತ್ತಾಳೆ. ರಾತ್ರಿ ಬಿಸಿ ಅನ್ನ, ಬಿಸಿ ಸಾರು ಇಟ್ಟರೆ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾಳೆ.

ಮ್ಯಾನೇಜರ್ ಅಮೃತೇಶ್ ಅಡುಗೆಮನೆ ಬಾಗಿಲಿಗೆ ಬಂದ. "ಮಾದಮ್ಮ, ಇವತ್ತೂ ತಟ್ಟೆ ವಾಪಸ್ ಬಂದ್ರೆ ನಾಳೆಯಿಂದ ಮೈಸೂರಿನ ಅಡುಗೆಯವನನ್ನ ಕರೆಸ್ತೀನಿ. ಬೇಜಾರು ಮಾಡ್ಕೋಬೇಡಿ."

"ಬೇಜಾರ್ಯಾಕೆ ಸಾ? ಅವ್ನು ಬಂದು ಬಾಯ್ಗೆ ತುರುಕ್ತಾನಾ? ಉಣ್ಣೋಳ್ನೇ ಕೇಳಿದ್ರಾಯ್ತು ಬುಡಿ."

ಟೀ ಹಿಡಿದು ನೇರ ಹೈಕೆ ಮುಂದೆ ಹೋಗಿ ನಿಂತು, ನಿಮ್ಮೂರಲ್ಲಿ ಹೊತ್ತೊತ್ತಿಗೆ ಏನೇನು ಉಣ್ತೀರಿ ಅಂತ ಕೇಳಿದಳು. ಮಾದಮ್ಮನ ಮಾತನ್ನು ಹೈಕೆಯ ಫೋನು ಜರ್ಮನ್‌ನಲ್ಲಿ, ಹೈಕೆ ಜರ್ಮನ್‌ನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ನುಡಿಯುತ್ತದೆ. ಬೆಳಗಿನದು ಫ್ರ್ಯೂಶ್ಟ್ಯುಕ್. ಮಧ್ಯಾಹ್ನದ ಬಿಸಿಯೂಟ ಮಿಟಾಕ್‌ಎಸ್ಸೆನ್. ರಾತ್ರಿಯದು ಆಬೆಂಟ್‌ಬ್ರೋಟ್, ಅಂದರೆ ಸಂಜೆಯ ಬ್ರೆಡ್ಡು. ಜೊತೆಗೆ ಬುಟರ್ ಅನ್ನೋ ಬೆಣ್ಣೆ, ಗುರ್ಕೆ ಅನ್ನೋ ಸೌತೆಕಾಯಿ, ಐ ಅನ್ನೋ ಮೊಟ್ಟೆ.

"ಎಲ್ಲಾನೂ ತಣ್ಣಗಾ?"

"ತಣ್ಣಗೆ," ಅಂದಿತು ಫೋನು.

ಮಾದಮ್ಮನ ಮುಖ ಬಿಗಿಯಿತು. "ಅಲ್ಲ ಕಣವ್ವ, ತಂಗಳು ಉಣ್ಣಕೆ ಅಷ್ಟು ದೂರದಿಂದ ಬಂದ್ಯಾ? ನಿಮ್ಮನೇಲಿ ಇದ್ನ ಯಾರ್ಗೆ ಇಕ್ತಾರೆ?"

ಹೈಕೆ ನಕ್ಕು ಫೋಟೋ ತೋರಿಸಿದಳು. ಮೇಜಿನ ಸುತ್ತ ಅಪ್ಪ, ಅಮ್ಮ, ತಮ್ಮ, ಅಜ್ಜಿ. ನಡುವೆ ಮರದ ಹಲಗೆ ಮೇಲೆ ಬ್ರೆಡ್ಡು. ಮಾದಮ್ಮ ಅದನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದಳು.

"ಇಕ್ಕೋಳು ಯಾರು?"

"ಅಮ್ಮ."

"ಅವ್ಳೂ ಕೂತವ್ಳಲ್ಲ!"

"ಎಲ್ಲರೂ ಒಟ್ಟಿಗೇ ಕೂರುತ್ತೇವೆ."

ಮಾದಮ್ಮ ಪಕ್ಕಕ್ಕೆ ಮುಖ ತಿರುಗಿಸಿದಳು. "ನಮ್ಮವ್ವುಂಗೆ ಕೊಟ್ಟಿದ್ನ ಕೊಟ್ಟೋರು ಉಣ್ತಿರ್ನಿಲ್ಲ," ಅಂದಳು, ಫೋನಿಗೆ ಕೇಳಿಸದ ಹಾಗೆ. ಆಮೇಲೆ ಗಟ್ಟಿಯಾಗಿ, "ಸರಿ, ಮಾಡ್ತೀನಿ. ಆದ್ರೆ ನಾನೂ ಕೂರ್ತೀನಿ."

ಸಂಜೆಗೆ ಮುಂಚೆಯೇ ರಾಗಿ ರೊಟ್ಟಿ ತಟ್ಟಿ ಬೇಯಿಸಿ, ಬಟ್ಟೆಯಲ್ಲಿ ಸುತ್ತಿಟ್ಟಳು. ಮರದ ಹಲಗೆ ಇರಲಿಲ್ಲ, ಚಪಾತಿ ಮಣೆ ತೊಳೆದಿಟ್ಟಳು. ಬೆಣ್ಣೆ, ಸೌತೆಕಾಯಿ, ಬೇಯಿಸಿದ ಮೊಟ್ಟೆ ಜೋಡಿಸಿದಳು. ಬಡಿಸೋ ಹೊತ್ತಿಗೆ ಕೈ ತಾನಾಗಿ ಒಲೆಯ ಕಡೆ ಹೋಯಿತು, ಎಳೆದುಕೊಂಡಳು.

ಅಮೃತೇಶ್ ತಟ್ಟೆ ನೋಡೋಕೆ ಬಂದರೆ, ಅತಿಥಿಯ ಎದುರು ಕುರ್ಚಿಯಲ್ಲಿ ಮಾದಮ್ಮ ಕೂತು ಸೌತೆಕಾಯಿ ಕಡಿಯುತ್ತಿದ್ದಾಳೆ.

"ಏನ್ರೀ ಇದು, ಗೆಸ್ಟ್ ಟೇಬಲ್‌ನಲ್ಲಿ?"

"ಆಬೆಂಟ್‌ಬ್ರೋಟ್ ಸಾ. ಕೂತೋರ್ಗೆ ಮಾತ್ರ. ನಿಂತೋರ್ಗಿಲ್ಲ."

ಹೈಕೆ ಬೆಣ್ಣೆ ಸವರಿ ಇನ್ನೊಂದು ರೊಟ್ಟಿಗೆ ಕೈ ಹಾಕಿದಳು. ಅಮೃತೇಶ್ ಅವಳ ತಟ್ಟೆ ನೋಡಿದ, ಮಾದಮ್ಮನನ್ನು ನೋಡಿದ, ಕೊನೆಗೆ ಒಂದು ಕುರ್ಚಿ ಎಳೆದ.

"ಮೈಸೂರ್ನೋನ್ಗೆ ಫೋನ್ ಮಾಡುದ್ರಾ ಸಾ?"

"ಇಲ್ಲ ಬಿಡಿ ಮಾದಮ್ಮ. ಮೊಟ್ಟೆ ನಂಗಾಗಲ್ಲ, ಆ ಬೆಣ್ಣೆ ಈ ಕಡೆ ತಳ್ಳಿ."