ಅತ್ತೆ ಪ್ಲಗ್ ತೆಗೆದ ಮಧ್ಯಾಹ್ನ

ಇದು ಆಗುವ ಕೆಲಸವಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರಮಾವ. ಅಜ್ಜಾವರದಲ್ಲಿ ಮನೆಮನೆಗೆ ಟಿವಿ ಮತ್ತು ಇಂಟರ್‌ನೆಟ್ಟಿನ ಕೇಬಲ್ ಎಳೆದವರು ಅವರು. ಯಾವ ಕಂಬದಲ್ಲಿ ಇರುವೆಗೂಡು ಉಂಟು, ಯಾವ ಮನೆಯ ನಾಯಿ ಹೇಳದೆ ಕೇಳದೆ ಕಚ್ಚುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಅಂಥವರೇ ಆಗುವುದಿಲ್ಲ ಎಂದ ಮೇಲೆ ಊರಲ್ಲಿ ಬೇರೆ ಯಾರನ್ನು ಕೇಳುವುದು?

"ವಯರಿನ ಕೆಲಸ ಹೊರುದು," ಎಂದರು. "ಯೋಚನೆ ಮಾಡುದು ಎಲ್ಲಿಯೋ ದೂರದಲ್ಲಿರುವ ದೊಡ್ಡ ಕಂಪ್ಯೂಟರು. ಕೂಲಿಯವನ ತಲೆ ಮೇಲೆ ಮೂಟೆ ಇಡ್ಬಹುದು. ಒಳಗೆ ಎಂತ ಉಂಟು ಹೇಳು ಅಂದ್ರೆ ಅವ ಎಲ್ಲಿಂದ ಹೇಳುದು ಮಾರಾಯ್ತಿ?"

ನಾನಾಗ ಸುಳ್ಯದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. ನಮ್ಮ ಕುಟುಂಬದಲ್ಲಿ ಕಾಲೇಜು ಕಂಡವಳು ನಾನೊಬ್ಬಳೇ. ಗಣಿತದಲ್ಲಿ ಎರಡು ಸಲ ಫೇಲಾಗಿ ಒಂದು ವರ್ಷ ಆಗಲೇ ಹೋಗಿತ್ತು. ಅಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವರು. ಮೊಣಕಾಲು ಬಾತುಕೊಂಡಿದ್ದರೂ, "ನಿನ್ನದೊಂದು ಮುಗೀಲಿ, ಮತ್ತೆ ಕೂತ್ಕೊಳ್ತೇನೆ" ಎನ್ನುತ್ತ ಆ ದೊಡ್ಡ ಪಾತ್ರೆಗಳನ್ನು ಇಳಿಸುತ್ತಲೇ ಇದ್ದರು. ಪ್ರಾಜೆಕ್ಟನ್ನು ಪರೀಕ್ಷಕರ ಎದುರು ನಡೆಸಿ ತೋರಿಸದಿದ್ದರೆ ನನಗೆ ಮತ್ತೊಂದು ವರ್ಷ. ಅಮ್ಮನ ಮೊಣಕಾಲಿಗೂ ಮತ್ತೊಂದು ವರ್ಷ.

ನನ್ನ ಪ್ರಾಜೆಕ್ಟು ಆನೆಯದ್ದು. ಕಾಡಿನ ಬದಿಯ ತೋಟಗಳಿಗೆ ಆನೆ ಬರುವುದು ನಮ್ಮಲ್ಲಿ ಹೊಸತಲ್ಲ. ನಾಲ್ಕು ಮನೆಯವರು ಸೇರಿ ಒಂದು ಕ್ಯಾಮೆರಾ ಹಾಕಿಸಿದ್ದರು. ಅದು ತೆಗೆದ ಚಿತ್ರ ದೂರದ ಊರಿಗೆ ಹೋಗಿ, ಅಲ್ಲಿಯ ಕಂಪ್ಯೂಟರ್ ಅದನ್ನು ನೋಡಿ "ಆನೆ" ಎಂದ ಮೇಲೆ ಇಲ್ಲಿ ಸೈರನ್ ಕೂಗಬೇಕು. ಆದರೆ ನಮ್ಮ ನೆಟ್‌ವರ್ಕು ಹೇಗೆಂದು ಗೊತ್ತಲ್ಲ. ಆನೆ ಬಂದು, ಬಾಳೆ ತಿಂದು, ತೋಡಿನ ನೀರು ದಾಟಿ ಹೋದ ಮೇಲೆ ಸೈರನ್ ಕೂಗುತ್ತಿತ್ತು. "ಇದೆಂತ, ಹೋಗಿ ಬನ್ನಿ ಅಂತ ಆನೆಗೆ ಹೇಳ್ಲಿಕ್ಕೆ ಹಾಕಿದ್ದಾ?" ಎಂದು ಜನ ನಗುತ್ತಿದ್ದರು.

ಚಿತ್ರ ಅಷ್ಟು ದೂರ ಯಾಕೆ ಹೋಗಬೇಕು? ಊರಿನ ಕೇಬಲ್ಲೆಲ್ಲ ಬಂದು ಸೇರುವ ಮಾವನ ಕಂಟ್ರೋಲ್ ರೂಮು, ಅವರ ಮನೆಗೆ ತಾಗಿಕೊಂಡದ್ದು, ದಾರಿಯಲ್ಲೇ ಇದೆ. ಅಲ್ಲೊಂದು ಸಣ್ಣ ಕಂಪ್ಯೂಟರ್ ಕೂತು ನೋಡಿ ಹೇಳಿದರೆ ಸಾಲದೇ? ಸಂಜೆ ಹೊತ್ತು ಅದೇ ರೂಮಿನಲ್ಲಿ ಗಿರಾಕಿಗಳ ಫೋನು ತೆಗೆಯುತ್ತಿದ್ದವಳು ನಾನು. ಹಾಗಾಗಿ ಮಾವ ಬೇಡ ಎನ್ನಲಿಲ್ಲ. ಬುತ್ತಿ ಡಬ್ಬಿಯಷ್ಟು ದೊಡ್ಡ ಕಂಪ್ಯೂಟರನ್ನು ಕಪಾಟಿನ ಮೇಲಿಟ್ಟೆ. ಕ್ಯಾಮೆರಾದ ಎದುರು ದನ ಹೋದರೆ ಸುಮ್ಮನಿರುವುದು, ಆನೆಯ ಚಿತ್ರ ತೋರಿಸಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸೈರನ್ ಕೂಗುವುದು. ಮೊದಲ ಸಲ ಕೂಗಿದಾಗ ನನಗೆ ರೋಮಾಂಚನವಾಯಿತು. ಬರೀ ಹೊರುತ್ತಿದ್ದ ಲೈನು ಈಗ ಮೂಟೆಯಲ್ಲಿ ಏನಿದೆ ಎಂದು ತಾನೇ ಹೇಳುತ್ತಿತ್ತು!

ಏಪ್ರಿಲಿನಲ್ಲಿ ಅದು ಕೈಕೊಟ್ಟಿತು. ಒಮ್ಮೆ ನಡೆಯುವುದು, ಒಮ್ಮೆ ಸತ್ತಂತೆ ಇರುವುದು. ಮೂರು ದಿನ ನಾನು ಬರೆದ ಪ್ರೋಗ್ರಾಮಿನಲ್ಲೇ ತಪ್ಪು ಹುಡುಕಿದೆ. ನಾಲ್ಕನೆಯ ದಿನ ಕಾಲೇಜಿನಿಂದ ಬೇಗ ಬಂದು ನೋಡಿದರೆ ನನ್ನ ಡಬ್ಬಿಯ ಪ್ಲಗ್ಗು ನೇತಾಡುತ್ತಿದೆ. ಮಾವ ಲೈನಿನ ಮೇಲೆ ಹೋದಾಗ ರೂಮು ನೋಡಿಕೊಳ್ಳುವವರು ಅತ್ತೆ. ಗುಡುಗಿನ ಮೊದಲ ಸದ್ದಿಗೇ ಅವರು ಮನೆಯ ಟಿವಿ, ಫ್ರಿಜ್ಜು, ಮಿಕ್ಸಿಯ ಜೊತೆ ನನ್ನ ಡಬ್ಬಿಯದ್ದನ್ನೂ ಕಿತ್ತಿದ್ದರು. ನಮ್ಮೂರಲ್ಲಿ ಯಾವ ಮನೆಯಲ್ಲಾದರೂ ಇಷ್ಟೇ. ಗುಡುಗಿದರೆ ಪ್ಲಗ್ ತೆಗೆಯುವುದು. ಸಿಗ್ನಲ್ ಹಂಚುವ ಪೆಟ್ಟಿಗೆಯೊಂದು ಬ್ಯಾಟರಿಯಲ್ಲಿ ನಡೆಯುತ್ತದೆ, ಅದಕ್ಕೆ ಬರುವುದು ಗಾಜಿನ ಎಳೆಯ ಕೇಬಲ್, ಸಿಡಿಲು ಅದರಲ್ಲಿ ಹರಿದು ಬರುವುದಿಲ್ಲ. ಅದನ್ನು ಮಾತ್ರ ಮುಟ್ಟಲಿಕ್ಕಿಲ್ಲ ಎಂದು ಮಾವನ ಅಪ್ಪಣೆ.

"ಅತ್ತೆ, ನನ್ನ ಪರೀಕ್ಷೆ ಹೋಗ್ತದೆ!"

"ಸಿಡಿಲು ಬಡಿದ್ರೆ ಡಬ್ಬಿಯೇ ಹೋಗ್ತದೆ. ಆಗ ಪರೀಕ್ಷೆಗೆ ಎಂತ ತೋರಿಸ್ತೀ, ಬೂದಿಯಾ?"

ಬ್ಯಾಟರಿಯಿಂದ ಸ್ವಲ್ಪ ಕರೆಂಟು ಕೊಡಿ ಎಂದು ಮಾವನನ್ನು ಕೇಳಿದೆ. "ನಿನ್ನ ಆನೆಗೆ ಕೊಟ್ರೆ ಜನರ ಸೀರಿಯಲ್ ನಿಲ್ತದೆ. ಸೀರಿಯಲ್ ನಿಂತ್ರೆ ನನ್ನನ್ನು ತುಳಿಯುದು ಆನೆ ಅಲ್ಲ," ಎಂದರು.

ಸಿಟ್ಟಿನಲ್ಲಿ ಮೂಲೆಯಲ್ಲಿ ಕೂತಿದ್ದೆ. ಅತ್ತೆ ತಂಗಿಗೆ ಫೋನು ಮಾಡಿದರು. ಪುತ್ತೂರಿನ ಕಡೆಯ ಸವಣೂರು ಪೇಟೆಯಲ್ಲಿ ಮಾವನ ಇನ್ನೊಂದು ರೂಮು ಉಂಟು, ಅದನ್ನು ನೋಡಿಕೊಳ್ಳುವವರು ಈ ತಂಗಿಯೇ. "ಇಲ್ಲಿ ಶುರುವಾಯ್ತು, ನಾನು ತೆಗ್ದೆ. ಅಲ್ಲಿ ಹೇಗುಂಟು? ಬಿಸಿಲಾ? ಹಾಗಾದ್ರೆ ಗಿರಾಕಿಗಳ ಫೋನು ಸ್ವಲ್ಪ ಹೊತ್ತು ನೀನೇ ನೋಡ್ಕೊ."

ನಾನು ಎದ್ದು ನಿಂತೆ. ಒಂದು ಕಡೆ ನಿಂತರೆ ಇನ್ನೊಂದು ಕಡೆಯವರು ನೋಡಿಕೊಳ್ಳುವುದು, ವರ್ಷಗಳಿಂದ ಅಕ್ಕ ತಂಗಿ ಮಾಡುತ್ತಿದ್ದ ಕೆಲಸ ಅದು. ಪುಸ್ತಕದಲ್ಲಿ ಎಷ್ಟು ಓದಿದರೂ ನನ್ನ ತಲೆಗೆ ಹತ್ತಿರಲಿಲ್ಲ.

ಸವಣೂರಿನಲ್ಲೂ ಒಂದು ಡಬ್ಬಿ ಇಟ್ಟೆ. ಎರಡೂ ಒಂದನ್ನೊಂದು ಕೇಳುತ್ತಲೇ ಇರಬೇಕು: ಇದ್ದೀಯಾ? ಪುರುಸೊತ್ತು ಉಂಟಾ? ಒಂದರಿಂದ ಉತ್ತರ ಬಾರದಿದ್ದರೆ, ಇಲ್ಲವೇ ಅದಕ್ಕೆ ಕೈತುಂಬ ಕೆಲಸವಿದ್ದರೆ, ಚಿತ್ರ ಇನ್ನೊಂದರ ಕಡೆ ತಿರುಗಬೇಕು. ಎಲ್ಲಿ ಪುರುಸೊತ್ತು ಉಂಟೆಂದು ನೆಟ್‌ವರ್ಕಿಗೇ ಗೊತ್ತಿರಬೇಕು, ಕ್ಯಾಮೆರಾಕ್ಕೆ ಅದರ ಗೊಡವೆ ಬೇಡ. ಪ್ರಪಂಚದ ದೊಡ್ಡ ದೊಡ್ಡ ನೆಟ್‌ವರ್ಕುಗಳು ಈಗ ಹಿಡಿಯುತ್ತಿರುವ ದಾರಿಯೂ ಇದೇ ಎಂದು ಓದಿದಾಗ ಅತ್ತೆಯ ಮುಖ ಕಣ್ಣಮುಂದೆ ಬಂತು.

ಪರೀಕ್ಷೆಯ ದಿನ ಹೊರಡುವಾಗ ಅತ್ತೆಗೆ ಹೇಳಿದೆ, "ಗುಡುಗಿದ್ರೆ ತೆಗೀರಿ. ನನ್ನ ಮುಖ ನೋಡ್ಬೇಡಿ."

ಪುತ್ತೂರಿನಿಂದ ಬಂದ ಪರೀಕ್ಷಕರು ಲ್ಯಾಬಿನಲ್ಲಿ ಕೂತರು. ಅಜ್ಜಾವರದ ತೋಟದ ಬದಿಯಲ್ಲಿ ಮಾವ ಸಿದ್ಧರಾಗಿದ್ದರು. ಹೇಳಿದ ಹೊತ್ತಿಗೆ ಬರುವ ಆನೆ ಎಲ್ಲಿ ಸಿಗುತ್ತದೆ? ಆಳೆತ್ತರದ ಫ್ಲೆಕ್ಸಿನಲ್ಲಿ ಆನೆ ಪ್ರಿಂಟ್ ಮಾಡಿಸಿ, ಅದನ್ನು ಹಿಡಿದುಕೊಂಡು ಕ್ಯಾಮೆರಾದ ಎದುರು ನಡೆಯಲು ಅವರೇ ಒಪ್ಪಿದ್ದರು. ಆಗುವುದಿಲ್ಲ ಎಂದವರೇ ಆನೆಯಾಗಿ ಬಂದರು. ಫ್ಲೆಕ್ಸಿನ ಕೆಳಗೆ ಅವರ ಲುಂಗಿ, ಹವಾಯಿ ಚಪ್ಪಲಿ ಕಾಣುತ್ತಿದ್ದವು.

ಅಷ್ಟರಲ್ಲಿ ಗುಡುಗಿತು. ಸುಳ್ಯಕ್ಕೇ ಕೇಳುವ ಗುಡುಗು. ಪರದೆಯಲ್ಲಿ ಅಜ್ಜಾವರದ ಡಬ್ಬಿ ನಡೆಯುತ್ತಿದೆ ಎಂದು ತೋರಿಸುವ ಹಸಿರು ಚುಕ್ಕೆ ಆರಿಹೋಯಿತು. ಅಮ್ಮ ಇಳಿಸುವ ಅನ್ನದ ಪಾತ್ರೆಯೊಂದೇ ಕಣ್ಣಮುಂದೆ.

ಸವಣೂರಿನ ಚುಕ್ಕೆ ಒಮ್ಮೆ ಮಿಣುಕಿತು. "ಆನೆ" ಎಂದು ಬಂತು. ಸೈರನ್ ಕೂಗಿತು. ಪರದೆಯಲ್ಲಿ ನೋಡುತ್ತಿದ್ದ ಹಾಗೆ ಆನೆ ನೆಲಕ್ಕೆ ಬಿತ್ತು, ಹಿಂದಿನಿಂದ ಮಾವ ಲುಂಗಿ ಎತ್ತಿ ಕಟ್ಟಿ ಮನೆಕಡೆ ಓಡಿದರು. ಹೆದರಿದ್ದು ಸೈರನ್ನಿಗೋ ಸಿಡಿಲಿಗೋ, ಇವತ್ತಿಗೂ ಅವರು ಹೇಳುವುದಿಲ್ಲ.

"ಆ ಚುಕ್ಕೆ ಆರಿತಲ್ಲ, ಎಂತ ಆಯ್ತು?" ಪರೀಕ್ಷಕರು ಕೇಳಿದರು.

"ಅತ್ತೆ ಪ್ಲಗ್ ತೆಗೆದ್ರು ಸರ್."

ಅವರು ನಗಲಿಲ್ಲ. "ಆದ್ರೂ ಕೆಲಸ ನಿಲ್ಲಲಿಲ್ವಾ?" ಎಂದರು. ಸವಣೂರಿನ ದಾಖಲೆ ತೆರೆದು ತೋರಿಸಿದೆ. ತುಂಬ ಹೊತ್ತು ನೋಡಿ, "ನಮ್ಮ ಮನೆಯಲ್ಲೂ ತೆಗೀತಾರೆ," ಎಂದು ಸಹಿ ಹಾಕಿದರು.

ಸರ್ಟಿಫಿಕೇಟು ಕೊಡುವ ದಿನ ಮೂವರೂ ಬಂದಿದ್ದರು. ಅಮ್ಮ ಶಾಲೆಯ ಕೆಲಸ ಬಿಟ್ಟು ಎರಡು ವಾರವಾಗಿತ್ತು. ವೇದಿಕೆಯಲ್ಲಿ ಅದು ನನ್ನ ಕೈಗೆ ಬಂತು, ಇಳಿದು ಬಂದು ಅಮ್ಮನ ಕೈಗೆ ಕೊಟ್ಟೆ. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಹಿಡಿದರು, ಅತ್ತೆಗೆ ತೋರಿಸಿದರು, ಮತ್ತೆ ಮಾವನಿಗೆ ಕೊಟ್ಟರು. ಮಾವ ಕನ್ನಡಕ ಹಾಕಿ ಮೇಲಿಂದ ಕೆಳಗಿನವರೆಗೆ ನೋಡಿದರು, ತಿರುಗಿಸಿ ಹಿಂದೆಯೂ ನೋಡಿದರು.

"ಆಗುದಿಲ್ಲ ಅಂತ ನಾನು ಹೇಳಿದ್ದು ಇದರಲ್ಲಿ ಎಲ್ಲಿಯೂ ಬರೀಲಿಲ್ಲ ಅಲ್ವಾ ಮಾರಾಯ್ತಿ?"